ಓದುಗರ ಪ್ರಶ್ನೆ, ನಮ್ಮ ಉತ್ತರ: ಪೋಪ್ ಇಲ್ಲದ ಸಭೆ ಒಡೆಯುವುದು ಹೇಗೆ?

2025ರ ಅಕ್ಟೋಬರ್ 3ರಂದು ಇಂಗ್ಲೆಂಡಿನ ಸಭೆಯಿಂದ ಬೆಳೆದ ಆಂಗ್ಲಿಕನ್ ಕ್ರೈಸ್ತರಲ್ಲಿ ಅತಿ ಹಿರಿಯ ಪೀಠವಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಥಾನಕ್ಕೆ ಸಾರಾ ಮಲ್ಲಲಿ ಅವರ ಹೆಸರು ಪ್ರಕಟವಾಯಿತು. ಆ ಪೀಠದಲ್ಲಿ ಅವರು 106ನೆಯವರು, ಮಹಿಳೆಯರಲ್ಲಿ ಮೊದಲಿಗರು. ಅದೇ ತಿಂಗಳ 16ರಂದು ಗ್ಯಾಫ್‌ಕಾನ್ ಎಂಬ ಸಂಪ್ರದಾಯನಿಷ್ಠ ಒಕ್ಕೂಟ ಕ್ಯಾಂಟರ್ಬರಿಯ ಜೊತೆಗಿನ ನಂಟು ಕಡಿದುಕೊಳ್ಳುವುದಾಗಿ ಘೋಷಿಸಿತು. ಆಮೇಲೆ ಕರಾವಳಿಯಿಂದಲೂ ಘಟ್ಟದ ಮೇಲಿಂದಲೂ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಒಂದೇ ಅರ್ಥದವನ್ನು ಸೇರಿಸಿದ್ದೇವೆ.

ಕುಮಟಾ, ಸ್ಪರ್ಧಾತ್ಮಕ ಪರೀಕ್ಷೆಯ ವಿದ್ಯಾರ್ಥಿ: ಆಂಗ್ಲಿಕನ್ ಸಭೆ ಇಬ್ಭಾಗವಾಯಿತು ಎಂದು ಒಂದು ಕಡೆ ಓದಿದೆ. ಇನ್ನೊಂದು ಕಡೆ ಇನ್ನೂ ಒಂದೇ ಇದೆ ಎಂದಿತ್ತು. ಒಡೆದಿದ್ದರೆ ಯಾವ ದಿನಾಂಕ ಬರೆಯಬೇಕು?

ಒಂದು ದಿನಾಂಕ ಬರೆದರೆ ತಪ್ಪಾಗುತ್ತದೆ. ಆಂಗ್ಲಿಕನ್ ಕಮ್ಯುನಿಯನ್ ಎನ್ನುವುದು ಒಂದು ಸಭೆಯಲ್ಲ, 42 ಸ್ವತಂತ್ರ ಸಭೆಗಳ ಬಳಗ. 165 ದೇಶಗಳು, ಬಳಗದ್ದೇ ಲೆಕ್ಕದಲ್ಲಿ ಸುಮಾರು ಎಂಟೂವರೆ ಕೋಟಿ ಜನ. ನೈಜೀರಿಯದ ಸಭೆಗೆ ಅದರದೇ ಸಂವಿಧಾನ, ಅದರದೇ ಸಿನೊಡ್ (ನಿಯಮ ಮಾಡುವ ಮಂಡಳಿ), ಅದರದೇ ಮುಖ್ಯ ಬಿಷಪ್. ಅಮೆರಿಕದ್ದಕ್ಕೂ ಹಾಗೆಯೇ. ಒಂದರ ತೀರ್ಮಾನ ಇನ್ನೊಂದರ ಮೇಲೆ ನಡೆಯುವುದಿಲ್ಲ.

ಹಿಡಿದಿಟ್ಟಿರುವುದು ಏನು ಎಂದರೆ, ಕಾಗದದ ಮೇಲೆ 1888ರಲ್ಲಿ ಒಪ್ಪಿದ ನಾಲ್ಕು ಅಂಶ: ಬೈಬಲ್, ಅಪೊಸ್ತಲರ ಮತ್ತು ನೈಸಿಯದ ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನವೆಂಬ ಎರಡು ಸಂಸ್ಕಾರ, ಬಿಷಪ್ಪರ ಪರಂಪರೆ. ರೂಢಿಯಲ್ಲಿ ನೋಡಿದರೆ ಮೂರು ಕೊಂಡಿ. ಒಬ್ಬರು ಅಭಿಷೇಕ ಮಾಡಿದ ಪಾದ್ರಿಯನ್ನು ಇನ್ನೊಬ್ಬರು ಪಾದ್ರಿ ಎಂದು ಒಪ್ಪುವುದು. ಒಂದೇ ಮೇಜಿನಿಂದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು. ಕ್ಯಾಂಟರ್ಬರಿ ಕರೆದಾಗ ಹೋಗಿ ಕೂರುವುದು. ಈ ಮೂರೂ ಒಂದೇ ದಿನ ಕಡಿದುಹೋಗಲಿಲ್ಲ. ಒಂದೊಂದಾಗಿ, ಒಂದೊಂದು ಕಡೆ ಸಡಿಲವಾದವು.

ಎಲ್ಲ ದೇಶಗಳ ಆಂಗ್ಲಿಕನ್ ಬಿಷಪ್ಪರನ್ನು ಕ್ಯಾಂಟರ್ಬರಿ ಕರೆದು ಸೇರಿಸುವ ಕೂಟಕ್ಕೆ ಲ್ಯಾಂಬೆತ್ ಸಮ್ಮೇಳನ ಎಂದು ಹೆಸರು. 1998ರ ಲ್ಯಾಂಬೆತ್ ಸಮ್ಮೇಳನದಲ್ಲಿ ಬಿಷಪ್ಪರು ಒಂದು ಗೊತ್ತುವಳಿ ಮಾಡಿದರು. ಮದುವೆ ಗಂಡು ಹೆಣ್ಣಿನ ಜೀವನಪರ್ಯಂತದ ಬಂಧ, ಸಲಿಂಗ ಸಂಬಂಧ ಬೈಬಲಿಗೆ ಹೊಂದುವುದಿಲ್ಲ, ಆದರೆ ಅಂಥವರ ಅನುಭವಕ್ಕೆ ಕಿವಿಗೊಡಬೇಕು ಎಂಬುದು ಅದರ ಸಾರ. ಪರ 526, ವಿರೋಧ 70, ತಟಸ್ಥ 45. ಜಗಳದ ಬೇರು ಈ ಎಣಿಕೆಯಲ್ಲಿಲ್ಲ, ಅದರ ಬೆಲೆಯಲ್ಲಿದೆ. ಲ್ಯಾಂಬೆತ್ ಗೊತ್ತುವಳಿಗೆ ಕಾನೂನಿನ ಬಲವಿಲ್ಲ. ಇಷ್ಟು ಜನ ಒಪ್ಪಿದ್ದನ್ನು ಮೀರಬಾರದು ಎಂದು ಒಂದು ಪಕ್ಷ. ನಮ್ಮ ಸಿನೊಡ್ ಒಪ್ಪದ್ದು ನಮಗೆ ಅನ್ವಯಿಸದು ಎಂದು ಇನ್ನೊಂದು. 2003ರ ನವೆಂಬರ್ 2ರಂದು ಅಮೆರಿಕದ ಸಭೆ, ಗಂಡಸೊಬ್ಬರ ಜೊತೆ ಸಂಸಾರ ನಡೆಸುತ್ತಿದ್ದ ಜೀನ್ ರಾಬಿನ್ಸನ್ ಅವರನ್ನು ನ್ಯೂ ಹ್ಯಾಂಪ್‌ಶೈರಿನ ಬಿಷಪ್ಪರಾಗಿ ಅಭಿಷೇಕಿಸಿತು.

ಅಲ್ಲಿಂದ ಮುಂದೆ ಯಾವ ಕೊಂಡಿ ಯಾವಾಗ ಹೋಯಿತು ನೋಡಿ. 2005ರಲ್ಲಿ ನೈಜೀರಿಯ ತನ್ನ ಸಂವಿಧಾನದಿಂದ ಕ್ಯಾಂಟರ್ಬರಿಯ ಹೆಸರನ್ನೇ ತೆಗೆಯಿತು. 2007ರಲ್ಲಿ ದಾರ್ ಎಸ್ ಸಲಾಮ್‌ನಲ್ಲಿ ಮುಖ್ಯ ಬಿಷಪ್ಪರು ಸೇರಿದಾಗ ಏಳು ಮಂದಿ ಅಮೆರಿಕದ ಮುಖ್ಯ ಬಿಷಪ್ಪರ ಜೊತೆ ಕರ್ತನ ಭೋಜನ ತೆಗೆದುಕೊಳ್ಳಲಿಲ್ಲ. ಅಂದರೆ ಚರ್ಚೆಗೆ ಕೂತರು, ರೊಟ್ಟಿಗೆ ಏಳಲಿಲ್ಲ. 2008ರ ಜೂನ್‌ನಲ್ಲಿ ಜೆರುಸಲೇಮಿನಲ್ಲಿ ಗ್ಯಾಫ್‌ಕಾನ್ ಹುಟ್ಟಿತು, ಅದೇ ವರ್ಷದ ಲ್ಯಾಂಬೆತ್‌ಗೆ ಸುಮಾರು 200 ಬಿಷಪ್ಪರು ಬರಲಿಲ್ಲ. 2009ರಲ್ಲಿ ಉತ್ತರ ಅಮೆರಿಕದಲ್ಲಿ ಎಸಿಎನ್‌ಎ (ಉತ್ತರ ಅಮೆರಿಕದ ಆಂಗ್ಲಿಕನ್ ಸಭೆ) ಎಂಬ ಪ್ರತ್ಯೇಕ ಸಭೆ ನಿಂತಿತು. ಗ್ಯಾಫ್‌ಕಾನ್ ಅದನ್ನು ಒಪ್ಪುತ್ತದೆ, ಕ್ಯಾಂಟರ್ಬರಿ ಒಪ್ಪುವುದಿಲ್ಲ. 2022ರ ಲ್ಯಾಂಬೆತ್‌ಗೆ ನೈಜೀರಿಯ, ಉಗಾಂಡ, ರುವಾಂಡ ಹೋಗಲೇ ಇಲ್ಲ. ಹೋದವರಲ್ಲೂ ಕೆಲವು ಬಿಷಪ್ಪರು ಭೋಜನದ ಹೊತ್ತಿಗೆ ಕೂತಲ್ಲೇ ಉಳಿದರು. 2023ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಸಿನೊಡ್ ಸಲಿಂಗ ಜೋಡಿಗಳಿಗೆ ಆಶೀರ್ವಾದದ ಪ್ರಾರ್ಥನೆಗೆ ಒಪ್ಪಿತು. ಆವರೆಗೆ ದೂರು ಅಮೆರಿಕದ ಮೇಲಿತ್ತು, ಅಂದಿನಿಂದ ಕ್ಯಾಂಟರ್ಬರಿಯ ಮೇಲೆಯೇ ಬಂತು.

2025ರ ಅಕ್ಟೋಬರ್ 16ರ ಹೇಳಿಕೆಯಲ್ಲಿ ಗ್ಯಾಫ್‌ಕಾನ್ ಅಧ್ಯಕ್ಷ, ರುವಾಂಡದ ಲಾರೆಂಟ್ ಎಂಬಂಡಾ ಹೇಳಿದ್ದರ ತಿರುಳು ಇಷ್ಟು: ಕ್ಯಾಂಟರ್ಬರಿ ಕರೆಯುವ ಸಭೆಗಳಿಗೆ ಹೋಗುವುದಿಲ್ಲ, ಆಂಗ್ಲಿಕನ್ ಸಲಹಾ ಮಂಡಳಿಗೆ ಹಣ ಕೊಡುವುದಿಲ್ಲ, ಅದರಿಂದ ತೆಗೆದುಕೊಳ್ಳುವುದೂ ಇಲ್ಲ, ಸಂವಿಧಾನದಲ್ಲಿ ಕ್ಯಾಂಟರ್ಬರಿಯ ಉಲ್ಲೇಖವಿರುವ ಪ್ರಾಂತಗಳು (ಸದಸ್ಯ ಸಭೆಗಳು) ಅದನ್ನು ತಿದ್ದಿಕೊಳ್ಳಲಿ, ತಮ್ಮದೇ ಮುಖ್ಯ ಬಿಷಪ್ಪರ ಮಂಡಳಿ ತನ್ನ ಅಧ್ಯಕ್ಷರನ್ನು ಆರಿಸಲಿ. ಅದರಲ್ಲಿ ಇನ್ನೊಂದು ಸಾಲೂ ಇದೆ. ತಾವು ಹೊರಗೆ ಹೋಗುತ್ತಿಲ್ಲ, ತಾವೇ ಆಂಗ್ಲಿಕನ್ ಕಮ್ಯುನಿಯನ್ ಎನ್ನುವುದು ಅವರ ವಾದ. ಇಬ್ಬರೂ ಒಂದೇ ಹೆಸರಿಗೆ ಹಕ್ಕು ಸಾಧಿಸುವಾಗ 'ಇಬ್ಭಾಗ' ಎಂಬ ಪದ ಸರಿಹೊಂದುವುದಿಲ್ಲ.

ಪರೀಕ್ಷೆಗೆ 2003, 2008, 2023, 2025 ಈ ನಾಲ್ಕು ವರ್ಷ ಕಾರಣ ಸಮೇತ ಬರೆಯಿರಿ. ಸುದ್ದಿ ಓದುವಾಗ ಅಧ್ಯಕ್ಷರ ಹೇಳಿಕೆಗಿಂತ ಆಯಾ ಪ್ರಾಂತದ ಸಿನೊಡ್ ಏನು ಮಾಡಿತು ಎಂದು ನೋಡಿ. ಹೇಳಿಕೆ ಒಬ್ಬರದು, ಸಂವಿಧಾನದ ತಿದ್ದುಪಡಿ ಇಡೀ ಪ್ರಾಂತದ್ದು.

ಕಾರವಾರ, ಗೃಹಿಣಿ: ನಮ್ಮ ಇಗರ್ಜಿಯಲ್ಲಿ ಪೋಪ್ ಹೇಳಿದ್ದೇ ಕೊನೆಯ ಮಾತು. ಕ್ಯಾಂಟರ್ಬರಿಯವರೂ ಒಂದು ಆದೇಶ ಹೊರಡಿಸಿ ಈ ಜಗಳ ಮುಗಿಸಬಹುದಲ್ಲ?

ಆದೇಶ ಬರೆಯಬಹುದು, ಪಾಲಿಸುವವರು ಇರುವುದಿಲ್ಲ. ಇಂಗ್ಲೆಂಡಿನ ಹೊರಗೆ ಅವರಿಗೆ ಬಿಷಪ್ಪರನ್ನು ನೇಮಿಸುವ, ತೆಗೆಯುವ ಅಧಿಕಾರವಿಲ್ಲ. ಶ್ರೀಲಂಕಾದಂಥ ಕೆಲವು ಚಿಕ್ಕ ಸಭೆಗಳು ಮಾತ್ರ ಇಂದಿಗೂ ನೇರವಾಗಿ ಅವರ ಮೇಲ್ವಿಚಾರಣೆಯಲ್ಲಿವೆ. ಉಳಿದ ಕಡೆ ಅವರಿಗಿರುವುದು ಮೂರು ಕೆಲಸ: ಸುಮಾರು ಹತ್ತು ವರ್ಷಕ್ಕೊಮ್ಮೆ ಬಿಷಪ್ಪರನ್ನು ಲ್ಯಾಂಬೆತ್‌ಗೆ ಕರೆಯುವುದು, ಮುಖ್ಯ ಬಿಷಪ್ಪರ ಸಭೆ ಕರೆದು ನಡೆಸುವುದು, ಸಲಹಾ ಮಂಡಳಿಯ ಅಧ್ಯಕ್ಷತೆ. ಆರ್ಚ್‌ಬಿಷಪ್ಪರನ್ನೂ ಈ ಮೂರನ್ನೂ ಸೇರಿಸಿ ಐಕ್ಯದ ನಾಲ್ಕು ಸಾಧನಗಳು ಎನ್ನುತ್ತಾರೆ. ಆಯುಧ ಎನ್ನುವುದಾದರೆ ಆಮಂತ್ರಣ ಪತ್ರವೊಂದೇ. 2008ರಲ್ಲಿ ಆಗಿನ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್, ಜೀನ್ ರಾಬಿನ್ಸನ್ ಅವರಿಗೆ ಆ ಪತ್ರ ಕಳಿಸಲಿಲ್ಲ. 2022ರಲ್ಲಿ ಆಗಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಸಲಿಂಗ ವಿವಾಹವಾದ ಬಿಷಪ್ಪರನ್ನು ಕರೆದರು, ಅವರ ಸಂಗಾತಿಗಳನ್ನು ಕರೆಯಲಿಲ್ಲ. ಎರಡೂ ಸಲ ಎರಡೂ ಪಕ್ಷದವರಿಗೆ ಸಿಟ್ಟು ಬಂತು.

ಹೀಗಾದದ್ದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. 1534ರಲ್ಲಿ 8ನೇ ಹೆನ್ರಿ ಪೋಪ್ ಇದ್ದ ಜಾಗದಲ್ಲಿ ರಾಜನನ್ನು ಕೂರಿಸಿದ. ಇಂಗ್ಲೆಂಡಿನೊಳಗೆ ಅದು ನಡೆಯಿತು. ವಸಾಹತುಗಳಿಗೆ ಬಿಷಪ್ಪರನ್ನು ಕಳಿಸಿದಾಗ ಕೈಕೊಟ್ಟಿತು. ದಕ್ಷಿಣ ಆಫ್ರಿಕದ ನೇಟಾಲ್‌ನ ಬಿಷಪ್ ಕೊಲೆನ್ಸೊ ಬೈಬಲಿನ ಮೊದಲ ಐದು ಪುಸ್ತಕಗಳನ್ನು ಅಕ್ಷರಶಃ ಇತಿಹಾಸವೆಂದು ಒಪ್ಪದಿದ್ದಕ್ಕೆ ಕೇಪ್‌ಟೌನಿನ ಬಿಷಪ್ ಗ್ರೇ 1863ರಲ್ಲಿ ಅವರನ್ನು ಪದಚ್ಯುತಗೊಳಿಸಿದರು. ಕೊಲೆನ್ಸೊ ಲಂಡನ್ನಿನ ಮೇಲ್ಮನವಿ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್‌ಗೆ ಹೋದರು. ಸ್ವಂತ ಶಾಸನಸಭೆಯಿರುವ ವಸಾಹತಿನಲ್ಲಿ ರಾಣಿಯ ಸನ್ನದಿನಿಂದ ಬಿಷಪ್ಪರಿಗೆ ಇಂಥ ಅಧಿಕಾರ ಬರುವುದಿಲ್ಲ ಎಂದು 1865ರಲ್ಲಿ ತೀರ್ಪಾಯಿತು. ಹಾಗಾದರೆ ಹೊರದೇಶದ ಬಿಷಪ್ಪರ ಮೇಲೆ ಯಾರು? ಯಾರೂ ಇಲ್ಲ. ಗಾಬರಿಯಾದ ಕೆನಡಾದ ಬಿಷಪ್ಪರು ಎಲ್ಲರ ಸಭೆ ಕರೆಯಿರೆಂದು ಕೇಳಿಕೊಂಡರು. 1867ರಲ್ಲಿ ಆರ್ಚ್‌ಬಿಷಪ್ ಲಾಂಗ್ಲಿ 144 ಮಂದಿಯನ್ನು ಕರೆದರು, ಬಂದವರು 76. ಯಾರ್ಕಿನ ಆರ್ಚ್‌ಬಿಷಪ್ಪರೇ ಬರಲಿಲ್ಲ. ಈ ಸಭೆ ಸಿದ್ಧಾಂತ ನಿರ್ಣಯಿಸುವುದಿಲ್ಲ ಎಂದು ಲಾಂಗ್ಲಿ ಮೊದಲೇ ಮಾತು ಕೊಟ್ಟಿದ್ದರು. ಲ್ಯಾಂಬೆತ್ ಹುಟ್ಟಿದ್ದೇ ಹಲ್ಲಿಲ್ಲದೆ.

ನಮ್ಮ ಕಡೆ ಹಿಸ್ಸೆಯಾದ ಮನೆತನಗಳನ್ನು ನೆನೆದರೆ ಇದು ಬೇಗ ತಿಳಿಯುತ್ತದೆ. ತೋಟ, ಗದ್ದೆ ಬೇರೆ ಬೇರೆ ಖಾತೆಗೆ ಹೋಗಿರುತ್ತವೆ, ದೇವರು ಮಾತ್ರ ಮೂಲಮನೆಯಲ್ಲಿ. ಹಬ್ಬಕ್ಕೆ ಎಲ್ಲರೂ ಅಲ್ಲಿಗೇ ಬರಬೇಕು. ಮೂಲಮನೆಯ ಹಿರಿಯ ಯಾರ ತೋಟದ ವಿಷಯಕ್ಕೂ ಕೈಹಾಕುವಂತಿಲ್ಲ, ಆದರೆ ಮಂಗಳಾರತಿ ಅವನದೇ. ಅವನ ನಡತೆ ಸರಿಯಿಲ್ಲ ಎಂದು ನಾಲ್ಕು ಮನೆಯವರಿಗೆ ಅನ್ನಿಸಿದರೆ ಅವರಿಗುಳಿಯುವ ದಾರಿ ಹಬ್ಬಕ್ಕೆ ಬಾರದಿರುವುದು, ಇಲ್ಲವೇ ಪೂಜೆಗೆ ಪಾಳಿ ಕೇಳುವುದು. 2024ರ ಡಿಸೆಂಬರಿನಲ್ಲಿ ಕಮ್ಯುನಿಯನ್ನಿನ ಐಕ್ಯ ಆಯೋಗ ಪ್ರಕಟಿಸಿದ ನೈರೋಬಿ-ಕೈರೋ ಪ್ರಸ್ತಾಪಗಳು ಹೆಚ್ಚುಕಡಿಮೆ ಈ ಪಾಳಿಯೇ. 1930ರ ವ್ಯಾಖ್ಯೆಯಂತೆ ಕ್ಯಾಂಟರ್ಬರಿಯ ಜೊತೆ ಅನ್ಯೋನ್ಯತೆ ಇದ್ದವರೇ ಆಂಗ್ಲಿಕನ್ನರು. ಅದರ ಬದಲು 'ಚಾರಿತ್ರಿಕ ಸಂಬಂಧ' ಎಂದರೆ ಸಾಕು, ಸಲಹಾ ಮಂಡಳಿಯ ಅಧ್ಯಕ್ಷತೆ ಐದು ಭೂಭಾಗಗಳಲ್ಲಿ ಸರದಿಯಂತೆ ತಿರುಗಲಿ ಎಂಬುದು ಸಲಹೆ. ಗ್ಯಾಫ್‌ಕಾನ್‌ಗೆ ಇದು ಸಾಲದು. ಅದರ ತಕರಾರು ಅಧ್ಯಕ್ಷತೆ ಯಾರದು ಎಂಬುದಲ್ಲ, ಬೈಬಲಿನ ಮಾತಿಗೆ ಯಾರು ನಿಂತಿದ್ದಾರೆ ಎಂಬುದು.

ಕ್ಯಾಂಟರ್ಬರಿಯವರ ಆಯ್ಕೆಯೂ ಇಂಗ್ಲೆಂಡಿನ ಒಳಮನೆಯ ಕೆಲಸವೇ. 17 ಮತದಾರರ ಆಯೋಗದಲ್ಲಿ ಮೂರನೇ ಎರಡು ಬಹುಮತ ಬೇಕು, ಅಂದರೆ 12. ಹೊರದೇಶದ ಸಭೆಗಳಿಗೆ ಅದರಲ್ಲಿ ಮೊದಲು ಒಂದು ಸ್ಥಾನವಿತ್ತು, 2022ರಲ್ಲಿ ಐದಾಯಿತು. ಆಯ್ಕೆಯಾದ ಹೆಸರು ಪ್ರಧಾನಿಯ ಮೂಲಕ ರಾಜನಿಗೆ ಹೋಗುತ್ತದೆ. ಬ್ರಿಟಿಷರು ಬಿಟ್ಟುಹೋಗಿ ಅರವತ್ತು ವರ್ಷವಾದ ಆಫ್ರಿಕದ ಸಭೆಗಳಿಗೆ ಇದು ಕಿರಿಕಿರಿಯಾದರೆ ಆಶ್ಚರ್ಯವಿಲ್ಲ.

ಶಿರಸಿ, ನಿವೃತ್ತ ಶಿಕ್ಷಕರು: ಹುಬ್ಬಳ್ಳಿ, ಧಾರವಾಡದಲ್ಲಿ ಸಿಎಸ್‌ಐ ಎಂಬ ಫಲಕ ನೋಡಿದ್ದೇನೆ. ಅಲ್ಲಿಯ ಹಳಬರು ತಮ್ಮದು ಬಾಸೆಲ್ ಮಿಶನ್ ಎನ್ನುತ್ತಾರೆ. ಅದು ಆಂಗ್ಲಿಕನ್ ಹೌದೋ ಅಲ್ಲವೋ?

ಎರಡೂ ಹೌದು. ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನದು, ಆಂಗ್ಲಿಕನ್ ಅಲ್ಲ. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ಆ ಸಭೆಗಳು ಸಿಎಸ್‌ಐಗೆ, ಅಂದರೆ ದಕ್ಷಿಣ ಇಂಡಿಯಾ ಸಭೆಗೆ, ಸೇರಿದ್ದು ಬೇರೆಯವರಿಗಿಂತ ತಡವಾಗಿ. ಹುಬ್ಬಳ್ಳಿ, ಧಾರವಾಡದವು ಈಗ ಧಾರವಾಡ ಕೇಂದ್ರವಾದ ಕರ್ನಾಟಕ ಉತ್ತರ ಸಭಾಪ್ರಾಂತದಲ್ಲಿವೆ (ಸಭಾಪ್ರಾಂತ ಎಂದರೆ ಒಬ್ಬ ಬಿಷಪ್ಪರ ವ್ಯಾಪ್ತಿ). ಸಿಎಸ್‌ಐ ಆಂಗ್ಲಿಕನ್ ಕಮ್ಯುನಿಯನ್ನಿನ ಸದಸ್ಯ. ಜೊತೆಗೆ ಮೆಥೊಡಿಸ್ಟರ ಮತ್ತು ರಿಫಾರ್ಮ್ಡ್ ಸಭೆಗಳ ಜಾಗತಿಕ ಒಕ್ಕೂಟಗಳಲ್ಲೂ ಇದೆ.

ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ. ಸೇರಿದವರು ಮೂರು ಕಡೆಯವರು: ದಕ್ಷಿಣದ ನಾಲ್ಕು ಆಂಗ್ಲಿಕನ್ ಸಭಾಪ್ರಾಂತಗಳು, ಬ್ರಿಟಿಷ್ ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಸಭೆಗಳು ಮೊದಲೇ ಕೂಡಿದ್ದ ಎಸ್‌ಐಯುಸಿ (ದಕ್ಷಿಣ ಇಂಡಿಯಾ ಸಂಯುಕ್ತ ಸಭೆ). ಮಾತು ಶುರುವಾದದ್ದು 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ, ಮುಂದಾಳು ಭಾರತೀಯರಲ್ಲಿ ಮೊದಲ ಆಂಗ್ಲಿಕನ್ ಬಿಷಪ್ ವಿ. ಎಸ್. ಅಜರಯ್ಯ. 28 ವರ್ಷ ಹಿಡಿಯಿತು. ಅಜರಯ್ಯ ನೋಡಲು ಉಳಿಯಲಿಲ್ಲ, 1945ರ ಜನವರಿ 1ರಂದು ತೀರಿಕೊಂಡರು.

ಅಷ್ಟು ವರ್ಷ ಯಾಕೆ ಹಿಡಿಯಿತು ಎಂದರೆ ಒಂದೇ ಗಂಟು. ಬಿಷಪ್ ತಲೆಯ ಮೇಲೆ ಕೈಯಿಟ್ಟು ಅಭಿಷೇಕಿಸಿದವನೇ ಪಾದ್ರಿ ಎಂಬುದು ಆಂಗ್ಲಿಕನ್ ನಿಲುವು. ಮೆಥೊಡಿಸ್ಟರಲ್ಲಿ, ಪ್ರೆಸ್ಬಿಟೇರಿಯನ್ನರಲ್ಲಿ ಬಿಷಪ್ಪರೇ ಇರಲಿಲ್ಲ. ಅವರ ಪಾದ್ರಿಗಳಿಗೆ ಮತ್ತೊಮ್ಮೆ ಅಭಿಷೇಕ ಮಾಡಿ ಎಂದರೆ ಇಷ್ಟು ವರ್ಷ ನಾವು ಕೊಟ್ಟ ರೊಟ್ಟಿ ಸುಳ್ಳೇ ಎಂದು ಅವರು ಕೇಳುತ್ತಾರೆ. ಬೇಡ ಎಂದರೆ ಆಂಗ್ಲಿಕನ್ನರಲ್ಲಿ ಒಂದು ಪಕ್ಷ ಎದ್ದುಹೋಗುತ್ತದೆ. ಮದರಾಸಿನಲ್ಲಿ ಒಪ್ಪಿದ ದಾರಿ ಹೀಗಿತ್ತು: ಆಗ ಇರುವ ಪಾದ್ರಿಗಳೆಲ್ಲ ಇರುವಂತೆಯೇ ಪಾದ್ರಿಗಳು, ಯಾರಿಗೂ ಮರು ಅಭಿಷೇಕವಿಲ್ಲ. ಇನ್ನು ಮುಂದಿನ ಅಭಿಷೇಕ ಬಿಷಪ್ಪರ ಕೈಯಿಂದ ಮಾತ್ರ. ಮನಸ್ಸು ಒಪ್ಪದ ಪಾದ್ರಿಯನ್ನಾಗಲಿ ಆರಾಧನಾಕ್ರಮವನ್ನಾಗಲಿ ಯಾವ ಸಭೆಯ ಮೇಲೂ ಹೇರುವುದಿಲ್ಲ ಎಂಬ ವಾಗ್ದಾನ. 30 ವರ್ಷದ ಹೊತ್ತಿಗೆ ಹಳಬರು ನಿವೃತ್ತರಾಗಿ ಬಹುತೇಕ ಎಲ್ಲರೂ ಬಿಷಪ್ಪರಿಂದ ಅಭಿಷೇಕವಾದವರೇ ಆಗಿರುತ್ತಾರೆ ಎಂಬ ಲೆಕ್ಕ. 14 ಸಭಾಪ್ರಾಂತಗಳಿಗೆ ಅದೇ ದಿನ ಒಂಬತ್ತು ಹೊಸ ಬಿಷಪ್ಪರ ಅಭಿಷೇಕವೂ ಆಯಿತು.

ಗಂಟನ್ನು ಎಳೆದು ಬಿಗಿ ಮಾಡದೆ, ಕಾಲಕ್ಕೆ ಸಡಿಲವಾಗಲು ಬಿಟ್ಟರು. ಇಂದಿನ ಜಗಳಗಂಟರು ಓದಬೇಕಾದ ಕಡತ ಇದು ಎನ್ನುವುದು ನಮ್ಮ ಅನಿಸಿಕೆ. ಬೆಲೆ ತೆರಲಿಲ್ಲವೆಂದಲ್ಲ. ಆಂಧ್ರದ ನಂದ್ಯಾಲದ ಆಂಗ್ಲಿಕನ್ನರು ಆಗ ಸೇರಲಿಲ್ಲ. ಇಂಗ್ಲೆಂಡಿನಲ್ಲಿ ಕವಿ ಟಿ. ಎಸ್. ಎಲಿಯಟ್ ಸೇರಿದಂತೆ ಆಂಗ್ಲೋ-ಕ್ಯಾಥೊಲಿಕ್ (ಕ್ಯಾಥೊಲಿಕ್ ಸಂಪ್ರದಾಯಕ್ಕೆ ಹತ್ತಿರದ ಆಂಗ್ಲಿಕನ್) ಪಕ್ಷದವರು ಯೋಜನೆಯನ್ನೇ ಖಂಡಿಸಿದರು. 1948ರ ಲ್ಯಾಂಬೆತ್ ಸಿಎಸ್‌ಐಗೆ ಪೂರ್ಣ ಮಾನ್ಯತೆ ಕೊಡಲಿಲ್ಲ. ನಾಲ್ಕು ಪಂಥ ಕೂಡಿಸಿದ್ದಕ್ಕೆ ತವರಿನ ಬಾಗಿಲು ಅರ್ಧ ಮುಚ್ಚಿತು, ಪೂರ್ತಿ ತೆರೆಯಲು 1988ರ ಸಮ್ಮೇಳನದವರೆಗೆ ಕಾಯಬೇಕಾಯಿತು.

ಆ ನಡುವೆ ಸಿಎಸ್‌ಐ ಸುಮ್ಮನೆ ಕೂರಲಿಲ್ಲ. 1950ರಲ್ಲಿ ಬಂದ ಅದರ ಕರ್ತನ ಭೋಜನದ ಕ್ರಮದಲ್ಲಿ ಕೇರಳದ ಸಿರಿಯನ್ ಕ್ರೈಸ್ತರಿಂದ ತೆಗೆದುಕೊಂಡ 'ಸಮಾಧಾನ' ಇದೆ. ಪಾದ್ರಿ ತನ್ನ ಬಲ ಅಂಗೈಯನ್ನು ಎದುರಿನವರ ಬಲ ಅಂಗೈಗೆ ತಾಗಿಸುತ್ತಾರೆ, ಇಬ್ಬರೂ ಎಡಗೈಯನ್ನು ಮೇಲಿಂದ ಮುಚ್ಚುತ್ತಾರೆ. ಅವರು ಮುಂದಿನ ಬೆಂಚಿಗೆ, ಬೆಂಚಿನಿಂದ ಬೆಂಚಿಗೆ. ಈ ಕ್ರಮ ನೋಡಿ ಪಶ್ಚಿಮದ ಆಂಗ್ಲಿಕನ್ ಸಭೆಗಳು ತಮ್ಮ ಹೊಸ ಪ್ರಾರ್ಥನಾ ಪುಸ್ತಕಗಳಲ್ಲಿ ಸಮಾಧಾನವನ್ನು ಮತ್ತೆ ತಂದವು.

ಹೊನ್ನಾವರ, ತಂದೆ: ನಾವು ರೋಮನ್ ಕ್ಯಾಥೊಲಿಕರು. ಮಗಳು ಹುಬ್ಬಳ್ಳಿಯ ಸಿಎಸ್‌ಐ ಹುಡುಗನನ್ನು ಮೆಚ್ಚಿದ್ದಾಳೆ. ಎರಡೂ ಕಡೆ ಸಮಾಧಾನವಾಗಲೆಂದು ಎರಡೂ ಚರ್ಚುಗಳಲ್ಲಿ ಒಂದೊಂದು ಸಲ ಮದುವೆ ಮಾಡಿಸಬಹುದೇ?

ಅದೊಂದನ್ನು ಮಾತ್ರ ಮಾಡಬೇಡಿ. ಒಪ್ಪಿಗೆಯ ಮಾತನ್ನು ಎರಡು ಸಲ ಆಡಿಸುವುದನ್ನು ಕ್ಯಾಥೊಲಿಕ್ ಕಾನೂನು ನಿಷೇಧಿಸುತ್ತದೆ. ಮದುವೆ ಒಂದೇ, ಜಾಗವೂ ಒಂದೇ.

ಕನಿಷ್ಠ ಮೂರು ತಿಂಗಳು ಮುಂಚೆ ನಿಮ್ಮ ಇಗರ್ಜಿಯ ಫಾದರ್ ಅವರನ್ನು ಕಾಣಿ. ಮಗಳ ದೀಕ್ಷಾಸ್ನಾನದ ಪತ್ರ ಹೊಸದಾಗಿ, ಆರು ತಿಂಗಳೊಳಗೆ ಬರೆಸಿದ್ದು ಬೇಕು. ಕಪಾಟಿನಲ್ಲಿರುವ ಹಳೆಯದು ನಡೆಯುವುದಿಲ್ಲ, ಯಾಕೆಂದರೆ ಹಿಂದೆ ಮದುವೆಯಾಗಿದ್ದರೆ ಅದು ದೀಕ್ಷಾಸ್ನಾನದ ರಿಜಿಸ್ಟರಿನ ಅಂಚಿನಲ್ಲಿ ದಾಖಲಾಗಿರುತ್ತದೆ, ಅದನ್ನು ನೋಡಿಯೇ ಹೊಸ ಪತ್ರ ಕೊಡುವುದು. ಹುಡುಗನ ಕಡೆಯಿಂದ ದೀಕ್ಷಾಸ್ನಾನದ ಪತ್ರ, ಅವಿವಾಹಿತನೆಂದು ಸಭಾಪಾಲಕರ ಪತ್ರ. ನೀರಿನಿಂದ, ತಂದೆ ಮಗ ಪವಿತ್ರಾತ್ಮನ ಹೆಸರಿನಲ್ಲಿ ಆಗಿರುವ ದೀಕ್ಷಾಸ್ನಾನವಾದ್ದರಿಂದ ಅದನ್ನು ಇನ್ನೊಮ್ಮೆ ಮಾಡಿಸುವ ಪ್ರಶ್ನೆಯಿಲ್ಲ. ಯಾರಾದರೂ ಮಾಡಿಸಿ ಎಂದರೆ ಒಪ್ಪಬೇಡಿ.

ಮಿಶ್ರ ವಿವಾಹಕ್ಕೆ ಕಾರವಾರದ ಧರ್ಮಾಧ್ಯಕ್ಷರ ಅನುಮತಿ ಫಾದರ್ ಮೂಲಕವೇ ಬರುತ್ತದೆ. ಮಗಳು ತನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ಕ್ಯಾಥೊಲಿಕ್ ದೀಕ್ಷಾಸ್ನಾನ, ಸಂಸ್ಕಾರ ಕೊಡಿಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆ ಎಂದು ಮಾತು ಕೊಡಬೇಕು. ಹುಡುಗ ಆ ಮಾತು ಕೊಡಬೇಕಿಲ್ಲ, ಅವಳು ಕೊಟ್ಟಿದ್ದಾಳೆಂದು ಅವನಿಗೆ ತಿಳಿದಿದ್ದರೆ ಸಾಕು. ಎರಡು ಮನೆಯವರ ಜಗಳಗಳಲ್ಲಿ ಬಹಳಷ್ಟು ಈ ಒಂದು ಅಂಶವನ್ನು ತಪ್ಪಾಗಿ ಹೇಳಿದ್ದರಿಂದ ಹುಟ್ಟುತ್ತವೆ.

ಮದುವೆ ಸಿಎಸ್‌ಐ ಚರ್ಚಿನಲ್ಲಿ ಎಂದಾದರೆ ಅನುಮತಿಯ ಜೊತೆ, ಕ್ಯಾಥೊಲಿಕ್ ವಿಧಿಯಿಂದ ವಿನಾಯಿತಿಯನ್ನೂ ಮೊದಲೇ ಪಡೆದಿರಬೇಕು. ಅದಿಲ್ಲದೆ ಆದ ಮದುವೆ ಸರ್ಕಾರದ ಮಟ್ಟಿಗೆ ಸರಿಯಾಗಿದ್ದರೂ ಇಗರ್ಜಿಯ ಮಟ್ಟಿಗೆ ಮದುವೆಯಲ್ಲ. ಇಗರ್ಜಿಯಲ್ಲೇ ಆದರೆ ಬಲಿಪೂಜೆಯಿಲ್ಲದ ವಿವಾಹ ವಿಧಿಯನ್ನು ಕೇಳಿ. ಪೂಜೆಯಿದ್ದರೆ ಪ್ರಸಾದದ ಹೊತ್ತಿಗೆ ಹುಡುಗನೂ ಅವನ ಮನೆಯವರೂ ಕೂತೇ ಇರಬೇಕಾಗುತ್ತದೆ, ನೆಂಟರ ಮುಂದೆ ಅದು ಚೆನ್ನಾಗಿ ಕಾಣುವುದಿಲ್ಲ. ಆಂಗ್ಲಿಕನ್ ಗುರುಪಟ್ಟ, ಅಂದರೆ ಪಾದ್ರಿಗಳ ಅಭಿಷೇಕ, ಸಿಂಧುವಲ್ಲ ಎಂದು ಪೋಪ್ 13ನೇ ಲಿಯೋ 1896ರಲ್ಲಿ ಹೇಳಿದ್ದು ಇಂದಿಗೂ ರದ್ದಾಗಿಲ್ಲ. ಎರಡೂ ಕಡೆ ಮೂರು ಭಾನುವಾರ ಮದುವೆಯ ಪ್ರಕಟಣೆ ಓದುವ ರೂಢಿಯಿದೆ. ದಿನ ಗೊತ್ತುಮಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಮದುವೆ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ಆಗಬೇಕು.

ಸಿದ್ದಾಪುರ, ಓದುಗರು: ಮಹಿಳಾ ಆರ್ಚ್‌ಬಿಷಪ್ ಎಂಬುದೇ ಜಗಳದ ಮೂಲವೇ?

ಅಲ್ಲ, ಒಂದು ಎಳೆ. ಗ್ಯಾಫ್‌ಕಾನ್‌ನೊಳಗೂ ಇದರಲ್ಲಿ ಒಮ್ಮತವಿಲ್ಲ. ಉಗಾಂಡ, ಕೆನ್ಯಾ, ರುವಾಂಡದಲ್ಲಿ ಮಹಿಳಾ ಪಾದ್ರಿಗಳಿದ್ದಾರೆ, ಕೆನ್ಯಾದಲ್ಲಿ 2021ರಿಂದ ಮಹಿಳಾ ಬಿಷಪ್ಪರೂ ಇದ್ದಾರೆ, ನೈಜೀರಿಯದಲ್ಲಿ ಇಲ್ಲ. ಆಂಗ್ಲಿಕನ್ನರಲ್ಲಿ ಮೊದಲ ಮಹಿಳಾ ಪಾದ್ರಿ ಹಾಂಗ್‌ಕಾಂಗಿನ ಫ್ಲಾರೆನ್ಸ್ ಲೀ ಟಿಮ್-ಓಯ್, 1944ರಲ್ಲಿ, ಯುದ್ಧಕಾಲದ ಅನಿವಾರ್ಯದಲ್ಲಿ. ಮೊದಲ ಮಹಿಳಾ ಬಿಷಪ್ 1989ರಲ್ಲಿ ಅಮೆರಿಕದ ಬಾರ್ಬರಾ ಹ್ಯಾರಿಸ್. ಸಿಎಸ್‌ಐ 2013ರ ಸೆಪ್ಟೆಂಬರಿನಲ್ಲಿ ಎಗ್ಗೋಣಿ ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪ್ ಮಾಡಿತು. ಇಂಗ್ಲೆಂಡಿನಲ್ಲಿ ಮೊದಲ ಮಹಿಳಾ ಬಿಷಪ್ಪರಾಗಿ ಲಿಬ್ಬಿ ಲೇನ್ ಅಭಿಷೇಕವಾದದ್ದು 2015ರ ಜನವರಿಯಲ್ಲಿ. ಇಂಗ್ಲೆಂಡಿಗಿಂತ ಮೊದಲು ಮಹಿಳಾ ಬಿಷಪ್ಪರನ್ನು ಕಂಡದ್ದು 1947ರಲ್ಲಿ ಸೇರಲೊಲ್ಲದ ಅದೇ ನಂದ್ಯಾಲ!

ಒಪ್ಪದವರನ್ನು ಇಂಗ್ಲೆಂಡ್ ಹೊರಗೆ ಹಾಕಲಿಲ್ಲ. ಮಹಿಳಾ ಪಾದ್ರಿಗಳನ್ನು ಒಪ್ಪದ ಸಭೆಗಳಿಗೆಂದೇ ಬೇರೆ ಬಿಷಪ್ಪರನ್ನು 1994ರಿಂದ ಕೊಟ್ಟಿದೆ. ಊರೂರು ಸುತ್ತುವ ಇವರಿಗೆ ಜನ ಇಟ್ಟ ಹೆಸರು 'ಹಾರುವ ಬಿಷಪ್ಪರು'.

ಅಂಕೋಲಾ, ತಾಯಿ: ಮಗ ಸಿಎಸ್‌ಐ ಸದಸ್ಯ. ದುಬೈಯಲ್ಲಿದ್ದಾನೆ, ಮುಂದೆ ಲಂಡನ್ನಿಗೆ ಹೋಗುವ ಅಂದಾಜಿದೆ. ಎಲ್ಲಿ ಕರ್ತನ ಭೋಜನ ತೆಗೆದುಕೊಳ್ಳಬಹುದು? ಏನೇನು ಕಾಗದ ಬೇಕು?

ದುಬೈಯ ಹೋಲಿ ಟ್ರಿನಿಟಿ ಚರ್ಚ್ ಆಂಗ್ಲಿಕನ್ ಕಮ್ಯುನಿಯನ್ನಿಗೆ ಸೇರಿದ ಸೈಪ್ರಸ್ ಮತ್ತು ಗಲ್ಫ್ ಸಭಾಪ್ರಾಂತದ್ದು. ಅದೇ ಆವರಣದಲ್ಲಿ ಬೇರೆ ಬೇರೆ ಭಾಷೆಯ ಸಭೆಗಳು ಕೂಡುತ್ತವೆ, ಹೊತ್ತು ವಿಚಾರಿಸಿಕೊಂಡು ಹೋಗಲಿ. ಇಂಗ್ಲೆಂಡಿನಲ್ಲಿ, ತನ್ನ ಸಭೆಯಲ್ಲಿ ಭೋಜನಕ್ಕೆ ಅರ್ಹನಾದ ದೀಕ್ಷಾಸ್ನಾನಿತನನ್ನು ತಡೆಯುವುದಿಲ್ಲ, ಬಾಗಿಲಲ್ಲಿ ಕಾಗದ ಕೇಳುವುದೂ ಇಲ್ಲ. ಆದರೂ ಹೊರಡುವ ಮುಂಚೆ ಸಭಾಪಾಲಕರಿಂದ ಒಂದು ಪತ್ರ ತೆಗೆದುಕೊಳ್ಳಲಿ. ಅದರಲ್ಲಿ ದೀಕ್ಷಾಸ್ನಾನದ ಮತ್ತು ದೃಢೀಕರಣದ ತಾರೀಖು, ಭೋಜನದ ಸದಸ್ಯ ಎಂಬ ಮಾತು, ಚರ್ಚಿನ ಮೊಹರು ಇರಲಿ. ಮಗುವಿನ ದೀಕ್ಷಾಸ್ನಾನ, ಮದುವೆ, ಶಾಲೆ ಎಂದಾಗ ಕೆಲಸಕ್ಕೆ ಬರುತ್ತದೆ.

ಅಲ್ಲಿ ನೆಲೆಯೂರಿದರೆ ಎಲೆಕ್ಟೋರಲ್ ರೋಲ್ ಎಂಬ ಸದಸ್ಯರ ಪಟ್ಟಿಯಲ್ಲಿ ಹೆಸರು ಬರೆಸಬೇಕು. 16 ವರ್ಷ ದಾಟಿರಬೇಕು, ಆ ಪ್ಯಾರಿಷ್‌ನಲ್ಲಿ (ಚರ್ಚಿನ ವ್ಯಾಪ್ತಿಯಲ್ಲಿ) ವಾಸವಿರಬೇಕು ಅಥವಾ ಆರು ತಿಂಗಳು ತಪ್ಪದೆ ಆರಾಧನೆಗೆ ಬಂದಿರಬೇಕು. ಆರು ವರ್ಷಕ್ಕೊಮ್ಮೆ ಇಡೀ ಪಟ್ಟಿ ಅಳಿಸಿ ಹೊಸದು ಮಾಡುತ್ತಾರೆ. ಕಳೆದ ಬಾರಿ ಆದದ್ದು 2025ರಲ್ಲಿ. ಹಳೆಯ ಹೆಸರು ತಾನಾಗಿ ಮುಂದುವರಿಯುವುದಿಲ್ಲ, ಮತ್ತೆ ಅರ್ಜಿ ತುಂಬಬೇಕು. ಇದನ್ನು ಮರೆತು ವಾರ್ಷಿಕ ಸಭೆಯಲ್ಲಿ ಮತ ಕಳೆದುಕೊಳ್ಳುವವರಿದ್ದಾರೆ.

ಅಮೆರಿಕಕ್ಕೆ ಹೋದರೆ ಫಲಕ ನೋಡಿ ಮೋಸಹೋಗಬಾರದು. ಅಲ್ಲಿ ಕ್ಯಾಂಟರ್ಬರಿಯ ಬಳಗದ ಸಭೆಗೆ 'ಎಪಿಸ್ಕೋಪಲ್' ಎಂಬ ಹೆಸರು. 'ಆಂಗ್ಲಿಕನ್' ಎಂದು ಬರೆದಿದ್ದರೆ ಹೆಚ್ಚಾಗಿ ಅದು ಎಸಿಎನ್‌ಎ.

ಹಳಿಯಾಳ, ವಕೀಲರು: ಸಭೆ ಬಿಟ್ಟವರು ಕಟ್ಟಡವನ್ನೂ ಒಯ್ಯಬಹುದೇ?

ಕಾಗದದಲ್ಲಿ ಯಾರ ಹೆಸರಿದೆ, ಆ ರಾಜ್ಯದ ಕಾನೂನು ಏನು ಎಂಬುದರ ಮೇಲೆ ಹೋಗುತ್ತದೆ. ಸ್ಥಳೀಯ ಸಭೆಯ ಆಸ್ತಿಯೆಲ್ಲ ಮೂಲ ಸಭೆಯ ಪರವಾಗಿ ನ್ಯಾಸದಲ್ಲಿದೆ ಎಂಬ ನಿಯಮವನ್ನು ಅಮೆರಿಕದ ಎಪಿಸ್ಕೋಪಲ್ ಸಭೆ 1979ರಲ್ಲೇ ಮಾಡಿಟ್ಟಿತ್ತು. ವರ್ಜೀನಿಯಾದಲ್ಲಿ ಅದು ನಡೆಯಿತು: ಫಾಲ್ಸ್ ಚರ್ಚ್ ಊರಿನ ಐತಿಹಾಸಿಕ ಕಟ್ಟಡ ಬಿಟ್ಟುಹೋದವರ ಕೈತಪ್ಪಿತು. ಟೆಕ್ಸಸ್‌ನ ಫೋರ್ಟ್‌ವರ್ತ್‌ನಲ್ಲಿ ನಡೆಯಲಿಲ್ಲ: 2009ರಲ್ಲಿ ಹೂಡಿದ ದಾವೆ 2021ರಲ್ಲಿ ಮುಗಿದು ಆಸ್ತಿ ಬಿಟ್ಟುಹೋದವರಿಗೇ ಉಳಿಯಿತು. ನಮ್ಮಲ್ಲಿ ಸಿಎಸ್‌ಐ ಆಸ್ತಿಗಳು ಹೆಚ್ಚಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಎಂಬ ನೋಂದಾಯಿತ ಕಂಪನಿಯ ಹೆಸರಿನಲ್ಲಿವೆ. ಆದ್ದರಿಂದ ಮೊದಲು ನೋಡಬೇಕಾದದ್ದು ಸಭೆಯ ಗೊತ್ತುವಳಿಯನ್ನಲ್ಲ, ಪಹಣಿ ಮತ್ತು ಮೂಲಪತ್ರವನ್ನು.

ಕಾರವಾರ, ಹಳೆಯ ವಸ್ತುಗಳ ಸಂಗ್ರಾಹಕರು: ಗುಜರಿಯಲ್ಲಿ ಒಂದು ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಸಿಕ್ಕಿದೆ. 1662 ಎಂದು ಕೆಲವರು ಹೇಳುತ್ತಾರೆ. ಅಷ್ಟು ಹಳೆಯದೇ?

1662 ಪಾಠದ ವರ್ಷ, ಪುಸ್ತಕ ಅಚ್ಚಾದ ವರ್ಷವಲ್ಲ. ಅದೇ ಪಾಠ ಇಂದಿಗೂ ಅಚ್ಚಾಗುತ್ತಿದೆ. ಗ್ಯಾಫ್‌ಕಾನ್‌ನ 2008ರ ಜೆರುಸಲೇಮ್ ಘೋಷಣೆಯೂ ಆರಾಧನೆಗೆ ಇದನ್ನೇ ಪ್ರಮಾಣವೆಂದು ಹಿಡಿದಿದೆ. ಕ್ಯಾಂಟರ್ಬರಿಗೂ ಅದರ ವಿರೋಧಿಗಳಿಗೂ ಪುಸ್ತಕ ಒಂದೇ.

ಮೊದಲ ಹಾಳೆ ಹರಿದಿದ್ದರೂ ಕಾಲ ಹೇಳಬಹುದು. ಬೆಳಗಿನ ಪ್ರಾರ್ಥನೆಯ ಕೊನೆಗೆ ಬರುವ ಅರಸರ ಪ್ರಾರ್ಥನೆ ತೆಗೆಯಿರಿ. ಅಲ್ಲಿ ಆಗಿನ ಅರಸರ ಹೆಸರಿರುತ್ತದೆ. ವಿಕ್ಟೋರಿಯಾ ಎಂದಿದ್ದರೆ 1837ರಿಂದ 1901ರ ನಡುವಿನದು, ಎಡ್ವರ್ಡ್ ಆದರೆ ಹೆಚ್ಚಾಗಿ 1901ರಿಂದ 1910. ಜಾರ್ಜ್ ಎಂದಿದ್ದರೆ ತುಸು ಕಷ್ಟ, ಆ ಹೆಸರಿನವರು ಆರು ಮಂದಿ ಆಳಿದ್ದಾರೆ. ಕೆಳಗಿನ ರಾಜಕುಟುಂಬದ ಪ್ರಾರ್ಥನೆಯಲ್ಲಿರುವ ರಾಣಿಯ ಹೆಸರು ನೋಡಿ, ಮೇರಿ ಎಂದರೆ 1910ರಿಂದ 1936, ಎಲಿಜಬೆತ್ ಎಂದರೆ 1936ರಿಂದ 1952. ಶೀರ್ಷಿಕೆ ಉಳಿದಿದ್ದು, ಇಂಗ್ಲೆಂಡ್ ಮತ್ತು ಐರ್ಲೆಂಡಿನ ಸಂಯುಕ್ತ ಸಭೆ ಎಂದಿದ್ದರೆ 1871ಕ್ಕಿಂತ ಹಿಂದಿನದು. ಹಿಂಭಾಗದಲ್ಲಿ ನವೆಂಬರ್ 5ರ ಮದ್ದಿನ ಒಳಸಂಚಿನ ಸ್ಮರಣೆಯ ಪ್ರಾರ್ಥನೆ ಇದ್ದರೆ ಅದನ್ನು ತೆಗೆದುಹಾಕಿದ 1859ಕ್ಕೂ ಮೊದಲಿನದು.

ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ಒಳಗಿನ ಹಾಳೆಯಲ್ಲಿ ಮದರಾಸಿನದೋ ಮುಂಬಯಿಯದೋ ಪುಸ್ತಕದಂಗಡಿಯ ಚೀಟಿ, ಪಾದ್ರಿಯ ಸಹಿ ಅಥವಾ ಮೊಹರು ಇದೆಯೇ ನೋಡಿ. ಅಚ್ಚಾದ ವರ್ಷಕ್ಕಿಂತ ಅದರಿಂದಲೇ ಪುಸ್ತಕಕ್ಕೆ ಬೆಲೆ. ಕಾರವಾರದ ಮಳೆಗಾಲದ ತೇವಕ್ಕೆ ಹಾಳೆ ಅಂಟಿದ್ದರೆ ಬಿಸಿಲಿಗೆ ಇಡಬೇಡಿ, ಚರ್ಮದ ರಟ್ಟು ಸೊಟ್ಟಗಾಗುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ, ಹತ್ತಿಪ್ಪತ್ತು ಹಾಳೆಗೊಂದು ಮಸಿ ಮುದ್ರಣವಿಲ್ಲದ ಬಿಳಿ ಹೀರುಕಾಗದ ಇಟ್ಟು ನಿಲ್ಲಿಸಿ. ದಿನಪತ್ರಿಕೆ ಇಟ್ಟರೆ ಮಸಿ ಹತ್ತುತ್ತದೆ. ಹರಿದಲ್ಲಿ ಸೆಲ್ಲೊಟೇಪ್ ಹಚ್ಚಬೇಡಿ.